ಮನೆಯವರ ಕೊಪ್ಪರಿಗೆ, ಭಟ್ಟರ ಸೌಟು

ನಮ್ಮ ಶಿವಮೊಗ್ಗದ ಕಡೆ ಮದುವೆ ಅಡುಗೆಗೆ ಬರುವ ಭಟ್ಟರಲ್ಲಿ ಎರಡು ಬಗೆ. ಒಬ್ಬರು ವಾರ ಮುಂಚೆ ಬಂದು ಪಟ್ಟಿ ಕೊಟ್ಟು ಹೋಗುತ್ತಾರೆ. ಕೊಪ್ಪರಿಗೆ ಇಷ್ಟು, ಸೌಟು ಇಷ್ಟು, ಜರಡಿ, ಈಳಿಗೆಮಣೆ ಇಷ್ಟು. ಎಲ್ಲವನ್ನೂ ಮನೆಯವರೇ ಹೊಂದಿಸಿಡಬೇಕು. ಅವರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದರೆ ಆಯಿತು. ಇನ್ನೊಬ್ಬರು ತಮ್ಮ ಪಾತ್ರೆ, ಒಲೆ, ಕೊನೆಗೆ ಬೆಂಕಿಪೊಟ್ಟಣವನ್ನೂ ಟೆಂಪೊದಲ್ಲಿ ಹೇರಿಕೊಂಡು ಬರುತ್ತಾರೆ. ಮೊದಲನೆಯವರದು ಹಗುರ ವ್ಯವಹಾರ. ಆದರೆ ಕೊಪ್ಪರಿಗೆಯ ತಳ ತೆಳುವಾಗಿದ್ದು ಪಾಯಸ ಸೀದರೆ ತಪ್ಪು ಯಾರದು ಎಂಬ ಚರ್ಚೆ ಕೊನೆಯ ಪಂಕ್ತಿಯವರೆಗೂ ನಡೆಯುತ್ತದೆ. ಎರಡನೆಯವರ ಪಾಯಸ ಯಾರ ಮನೆಯಲ್ಲಿ ಮಾಡಿದರೂ ಒಂದೇ ರುಚಿ. ಆದರೆ ಅವರ ಟೆಂಪೊದಲ್ಲಿ ಹೋಳಿಗೆ ಹೆಂಚು ಇಲ್ಲವಾದರೆ ನಿಮ್ಮ ಮದುವೆಯಲ್ಲಿ ಹೋಳಿಗೆ ಇಲ್ಲ.

ಸಾಫ್ಟ್‌ವೇರ್ ಲೋಕದಲ್ಲಿ ಈ ಜಗಳ ಐವತ್ತು ವರ್ಷದಿಂದ ನಡೆದಿದೆ. ನಾವು ಬರೆಯುವ ಕೋಡ್ ಇದ್ದ ಹಾಗೇ ಓಡುವುದಿಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಫೈಲುಗಳನ್ನು ಕಂಪೈಲ್ ಮಾಡಿ, ಒಂದಕ್ಕೊಂದು ಜೋಡಿಸಿ, ಪರೀಕ್ಷಿಸಿ, ಪೊಟ್ಟಣ ಕಟ್ಟಬೇಕು. ಈ ಕೆಲಸವೇ ಬಿಲ್ಡ್. ಅದನ್ನು ಮಾಡಿಸುವ ಮೇಸ್ತ್ರಿಯೇ ಬಿಲ್ಡ್ ಸಿಸ್ಟಂ. ದಾರಿಯಲ್ಲಿ ಚಿಲ್ಲರೆ ಕೆಲಸಗಳು ಬಹಳ ಬರುತ್ತವೆ: ಒಂದು ಫೈಲನ್ನು ನಕಲು ಮಾಡುವುದು, ಒಂದು ಪದವನ್ನು ಬದಲಿಸುವುದು, ಹೆಸರುಗಳನ್ನು ಅನುಕ್ರಮವಾಗಿ ಜೋಡಿಸುವುದು. ಇವನ್ನು ಮಾಡುವ ಶಕ್ತಿ ಮೇಸ್ತ್ರಿಯ ಒಳಗೇ ಇರಬೇಕೋ, ಅಥವಾ ಆ ಕಂಪ್ಯೂಟರಿನಲ್ಲಿ ಮೊದಲೇ ಇರುವ ಬೇರೆ ಪ್ರೋಗ್ರಾಂಗಳನ್ನು ಅವನು ಕರೆದು ಮಾಡಿಸಬೇಕೋ? ಹೊರಗಿನವರಿಗೆ ಇದು ಮೊಸರಲ್ಲಿ ಕಲ್ಲು ಹುಡುಕುವ ಮಾತು ಅನ್ನಿಸಬಹುದು. ಆದರೆ 2024ರ ಮಾರ್ಚ್‌ನಲ್ಲಿ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಬಾಗಿಲು ಇದೇ ಸಂದಿಯಿಂದ ತೆರೆದುಕೊಳ್ಳುವುದರಲ್ಲಿತ್ತು. ಅಲ್ಲಿಗೆ ಬರುವ ಮುನ್ನ ಈ ಸಂದಿ ಹೇಗೆ ಬಿತ್ತು ಎಂದು ನೋಡಬೇಕು.

ನಾನಿರುವ ಊರಿನಿಂದಲೇ ಶುರು ಮಾಡುತ್ತೇನೆ. ಕೋಲ್ಕತ್ತಾದ ಉತ್ತರಕ್ಕೆ, ಇಲ್ಲಿನವರು ಬಿ.ಟಿ. ರೋಡ್ ಎನ್ನುವ ಬ್ಯಾರಕ್‌ಪುರ್ ಟ್ರಂಕ್ ರಸ್ತೆಯಲ್ಲಿ, ಬರಾನಗರದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಪ್ರಶಾಂತಚಂದ್ರ ಮಹಾಲನೋಬಿಸ್ ಕಟ್ಟಿದ ಸಂಸ್ಥೆ. ಅಲ್ಲಿ 1953ರಲ್ಲಿ ಸಮರೇಂದ್ರ ಕುಮಾರ್ ಮಿತ್ರ ಅವರು ಹತ್ತು ಅಜ್ಞಾತಗಳ ಸಮೀಕರಣ ಬಿಡಿಸುವ ಅನಲಾಗ್ ಯಂತ್ರವನ್ನು ತಯಾರಿಸಿದರು. ಆಮೇಲೆ ಬ್ರಿಟಿಷ್ ಟ್ಯಾಬ್ಯುಲೇಟಿಂಗ್ ಮೆಷಿನ್ ಕಂಪನಿಯಿಂದ ಎಚ್‌ಇಸಿ-2ಎಂ ಎಂಬ ಡಿಜಿಟಲ್ ಯಂತ್ರ ಹಡಗಿನಲ್ಲಿ ಬಂದು, 1956ರಲ್ಲಿ ಕೆಲಸಕ್ಕೆ ನಿಂತಿತು. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್ ಎಂದು ಲೆಕ್ಕ ಹಿಡಿಯುವುದು ಇದನ್ನೇ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಆಂಡ್ರ್ಯೂ ಬೂತ್ ಅವರ ವಿನ್ಯಾಸದಿಂದ ಬೆಳೆದ ಯಂತ್ರ ಅದು. ನೆನಪಿನ ಜಾಗ ತಿರುಗುವ ಒಂದು ಡ್ರಮ್. ಹಿಡಿಸುತ್ತಿದ್ದುದು 1024 ಪದಗಳು. ನೀವು ಓದುತ್ತಿರುವ ಈ ಲೇಖನದ ಹತ್ತರಲ್ಲೊಂದು ಭಾಗವೂ ಅದರಲ್ಲಿ ಕೂರುವುದಿಲ್ಲ.

ಆ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಂ ಇರಲಿಲ್ಲ. ಪ್ರೋಗ್ರಾಂ ಎಂದರೆ ಯಂತ್ರಕ್ಕೇ ಅರ್ಥವಾಗುವ ಅಂಕಿಗಳು, ಕಾರ್ಡುಗಳ ಮೇಲೆ ರಂಧ್ರಗಳಾಗಿ. ಹಾಗಾಗಿ ಒಳಗಿನದು, ಹೊರಗಿನದು ಎಂಬ ಗೆರೆ ಬಹಳ ಸರಳ. ಒಳಗಿನದು ಎಂದರೆ ತಂತಿ, ಕವಾಟಗಳಲ್ಲಿ ಕೂಡಿಸಿಟ್ಟ ಆಜ್ಞೆಗಳು. ಹೊರಗಿನದು ಎಂದರೆ ಕಾರ್ಡಿನ ಕಟ್ಟು ಮತ್ತು ಅದನ್ನು ಯಾವ ಅನುಕ್ರಮದಲ್ಲಿ ತುಂಬಬೇಕು ಎಂದು ತಿಳಿದಿದ್ದ ಮನುಷ್ಯ. ಬಿಲ್ಡ್ ಸಿಸ್ಟಂ ಮನುಷ್ಯನ ತಲೆಯಲ್ಲಿತ್ತು. ಅದೇ ದಶಕದ ಕೊನೆಯ ಹೊತ್ತಿಗೆ ಸೋವಿಯತ್ ದೇಶದ ಉರಾಲ್ ಬಂತು. 1966ರಲ್ಲಿ ಇದೇ ಸಂಸ್ಥೆ ಜಾದವ್‌ಪುರ್ ವಿಶ್ವವಿದ್ಯಾಲಯದ ಜೊತೆ ಸೇರಿ ಐಎಸ್‌ಐಜೆಯು-1 ಎಂಬ ಟ್ರಾನ್ಸಿಸ್ಟರ್ ಕಂಪ್ಯೂಟರನ್ನು ತಾನೇ ಕಟ್ಟಿತು. ಹೊರಗಿನಿಂದ ತರಿಸುವುದೋ, ನಾವೇ ಮಾಡಿಕೊಳ್ಳುವುದೋ ಎಂಬ ಪ್ರಶ್ನೆಗೆ ಒಂದೇ ಆವರಣದಲ್ಲಿ ಹನ್ನೆರಡು ವರ್ಷದೊಳಗೆ ಎರಡು ಉತ್ತರಗಳೂ ಸಿಕ್ಕಿದವು.

ಅಂಥದ್ದೇ ಗೆರೆಯನ್ನು ಕೇಂಬ್ರಿಜ್‌ನಲ್ಲಿ ಸ್ವಲ್ಪ ಮುಂಚೆಯೇ ಜಾಣತನದಿಂದ ಎಳೆದಿದ್ದರು. 1949ರ ಎಡ್ಸಾಕ್ ಯಂತ್ರದಲ್ಲಿ ಡೇವಿಡ್ ವೀಲರ್ ಬರೆದ 31 ಆಜ್ಞೆಗಳನ್ನು ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್ಚುಗಳಲ್ಲಿ ಶಾಶ್ವತವಾಗಿ ಕೂರಿಸಿದ್ದರು. ಕಾಗದದ ಪಟ್ಟಿಯ ಮೇಲಿನ ಪ್ರೋಗ್ರಾಮನ್ನು ಓದಿ ನೆನಪಿಗೆ ಏರಿಸುವುದಷ್ಟೇ ಅವುಗಳ ಕೆಲಸ. ಕೆಲವೇ ತಿಂಗಳಲ್ಲಿ ಅವು 41 ಆದವು. ಹತ್ತು ಆಜ್ಞೆ ಹೆಚ್ಚಾದದ್ದರಿಂದ, ಹೊರಗೆ ಬೀರುವಿನಲ್ಲಿಟ್ಟಿದ್ದ ಸಿದ್ಧ ಸಬ್‌ರೂಟೀನ್ ಪಟ್ಟಿಗಳನ್ನು ಯಾವ ಪ್ರೋಗ್ರಾಮಿಗೆ ಬೇಕಾದರೂ ಸೇರಿಸಿಕೊಳ್ಳುವುದು ಸುಲಭವಾಯಿತು. ಒಳಗೆ ತೀರಾ ಕಡಿಮೆ ಇಡು, ಆದರೆ ಆ ಕಡಿಮೆ ಹೊರಗಿನದನ್ನು ಚೆನ್ನಾಗಿ ಕರೆಯುವಂತಿರಲಿ. ವೀಲರ್ ಇದಕ್ಕೆ ಸಿದ್ಧಾಂತದ ಹೆಸರು ಕೊಡಲಿಲ್ಲ. ಜಾಗ ಇರಲಿಲ್ಲ, ಹಾಗೆ ಮಾಡಿದರು.

ನಮ್ಮ ಕಸುಬಿನ ಮೂಲಪುರುಷ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಹೆಸರು ಮೇಕ್. ಬರೆದವರು ಸ್ಟೂವರ್ಟ್ ಫೆಲ್ಡ್‌ಮನ್. ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಅವರ ಕೋಣೆಗೆ ಬಂದು, ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಇಡೀ ಬೆಳಿಗ್ಗೆ ಹಾಳಾಯಿತೆಂದು ಶಪಿಸಿದರಂತೆ. ಕೋಡ್ ತಿದ್ದಿದ್ದರು, ಆದರೆ ಆ ಒಂದು ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಹಿಂದಿನ ಸಂಜೆ ಫೆಲ್ಡ್‌ಮನ್‌ಗೂ ಅಂಥದ್ದೇ ಕಾಟ ಆಗಿತ್ತು. ಒಂದು ವಾರಾಂತ್ಯದಲ್ಲಿ ಮೇಕ್‌ನ ಮೊದಲ ರೂಪ ತಯಾರಾಯಿತು. ಯಾವುದು ಯಾವುದರ ಮೇಲೆ ನಿಂತಿದೆ ಎಂದು ನೀವು ಬರೆದುಕೊಡಿ. ಫೈಲುಗಳ ಸಮಯ ನೋಡಿ, ಹಳತಾದದ್ದನ್ನು ಮಾತ್ರ ಮತ್ತೆ ಕಟ್ಟಿಸುತ್ತೇನೆ. ಇಷ್ಟೇ ಅದರ ಒಪ್ಪಂದ. 2003ರಲ್ಲಿ ಫೆಲ್ಡ್‌ಮನ್ ಅವರಿಗೆ ಇದಕ್ಕಾಗಿ ಎಸಿಎಂನ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂತು.

ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ನಡೆಯುವುದಿಲ್ಲ ಎಂಬ ಮೇಕ್‌ನ ಹುಚ್ಚು ನಿಯಮ ಕಲಿಯುವ ಎಲ್ಲ ಹುಡುಗರನ್ನೂ ಅಳಿಸಿದೆ. ಕಣ್ಣಿಗೆ ಎರಡೂ ಖಾಲಿ ಜಾಗವೇ. ಇದು ಸರಿಯಿಲ್ಲ ಎಂದು ಫೆಲ್ಡ್‌ಮನ್‌ಗೆ ಬೇಗ ತಿಳಿಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸಲು ಶುರು ಮಾಡಿದ್ದರು, ಅವರಿಗೆ ತೊಂದರೆ ಬೇಡವೆಂದು ಬಿಟ್ಟರು. ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಜಗತ್ತು ಇನ್ನೂ ದಂಡ ಕಟ್ಟುತ್ತಿದೆ. ಈ ಟ್ಯಾಬ್ ಮತ್ತು ಸ್ಪೇಸ್ ಮುಂದೆ ಇನ್ನೊಂದು ಕಡೆ ಸಿಗುತ್ತವೆ, ನೆನಪಿಟ್ಟುಕೊಳ್ಳಿ.

ಮೇಕ್ ಪಟ್ಟಿ ಕೊಡುವ ಭಟ್ಟರ ಪೈಕಿ. ಅದಕ್ಕೆ ಸ್ವತಃ ಒಂದು ಫೈಲನ್ನು ನಕಲು ಮಾಡಲೂ ಬರುತ್ತಿರಲಿಲ್ಲ. ಬರೆದ ಆಜ್ಞೆಯನ್ನು ಶೆಲ್‌ಗೆ ಕೊಡುತ್ತಿತ್ತು, ಶೆಲ್ ಬೇರೆ ಪ್ರೋಗ್ರಾಮನ್ನು ಕರೆಯುತ್ತಿತ್ತು. ಯುನಿಕ್ಸ್ ಮನೆಯ ಪದ್ಧತಿಯೇ ಅದು: ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಸಲಕರಣೆ, ನಡುವೆ ಡಗ್ ಮೆಕಿಲ್‌ರಾಯ್ ಹಟ ಹಿಡಿದು 1973ರಲ್ಲಿ ತರಿಸಿದ ಪೈಪ್. ಎಲ್ಲರೂ ಒಂದೇ ಕಟ್ಟಡದಲ್ಲಿ, ಒಂದೇ ಬಗೆಯ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಾಗ ಕೊಪ್ಪರಿಗೆಯ ತಳದ ಬಗ್ಗೆ ಯಾರೂ ಕೇಳಬೇಕಾಗಿರಲಿಲ್ಲ.

ಆದರೂ ಶುದ್ಧ ಪದ್ಧತಿ ಯಾವತ್ತೂ ಇರಲಿಲ್ಲ. ಸಿ ಭಾಷೆಯ ಫೈಲಿನಿಂದ ಆಬ್ಜೆಕ್ಟ್ ಫೈಲ್ ಮಾಡುವುದು ಹೇಗೆ ಎಂಬ ತಿಳಿವಳಿಕೆ ಮೇಕ್‌ನ ಒಳಗೇ ಬಂತು. ನೀವು ಬರೆಯದಿದ್ದರೂ ಅದು ಕಂಪೈಲರನ್ನು ಕರೆಯುತ್ತದೆ. ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ಬರೆದ ಎಸ್‌ಸಿಸಿಎಸ್, ಅಂದರೆ ಇಂದಿನ ಗಿಟ್‌ನ ಅಜ್ಜನ ಅಜ್ಜ, ಅದರಿಂದ ಫೈಲ್ ತೆಗೆದುಕೊಳ್ಳುವ ನಿಯಮವೂ ಒಳಸೇರಿತು. ಸೆಕ್ಟರ್ ಫೈವ್‌ನ ನಮ್ಮ ಆಫೀಸಿನಲ್ಲಿ ಈಗಲೂ ಮೇಕ್ ಅನ್ನು ಡೀಬಗ್ ಸ್ಥಿತಿಯಲ್ಲಿ ಓಡಿಸಿದರೆ, ಅದು ಪ್ರತಿ ಫೈಲಿಗೂ ಎಸ್‌ಸಿಸಿಎಸ್ ಫೋಲ್ಡರಿನಲ್ಲಿ ಹುಡುಕಿ, ಆರ್‌ಸಿಎಸ್ ಫೋಲ್ಡರಿನಲ್ಲಿ ಹುಡುಕಿ, ಸಿಗಲಿಲ್ಲ ಎಂದು ವರದಿ ಒಪ್ಪಿಸುತ್ತದೆ. ನಮ್ಮ ತಂಡದ ಹುಡುಗರು ಹುಟ್ಟುವ ಮೊದಲೇ ಬಳಕೆ ತಪ್ಪಿದ ಸಲಕರಣೆಗಳು. ಹೊರಗಿನ ಸಲಕರಣೆ ಸತ್ತರೂ ಅದನ್ನು ಕರೆಯುವ ಒಳಗಿನ ನಿಯಮ ಸಾಯುವುದಿಲ್ಲ. ಒಳಗೆ ಸೇರಿಸಿದ್ದನ್ನು ಹೊರಗೆ ಹಾಕುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇತ್ತ ಶೆಲ್ ಕೂಡ ದಪ್ಪವಾಗುತ್ತಾ ಬಂತು. ಷರತ್ತು ಪರೀಕ್ಷಿಸುವ ಟೆಸ್ಟ್, ಪರದೆಯ ಮೇಲೆ ಸಾಲು ಮೂಡಿಸುವ ಎಕೋ ಇವೆಲ್ಲ ಮೊದಲು ಹೊರಗಿನ ಪ್ರೋಗ್ರಾಂಗಳು. ಪ್ರತಿ ಸಲ ಹೊಸ ಪ್ರೋಸೆಸ್ ಹುಟ್ಟಿಸುವುದು ಅಂದಿನ ಯಂತ್ರಗಳಿಗೆ ದುಬಾರಿ. ಹಾಗಾಗಿ ಅವನ್ನು ಶೆಲ್‌ನ ಹೊಟ್ಟೆಯೊಳಗೆ ಎಳೆದುಕೊಂಡರು. ಹೊರಗಿನ ಪ್ರತಿಯನ್ನೂ ತೆಗೆಯಲಿಲ್ಲ. ಹೀಗೆ ಒಂದೇ ಹೆಸರಿನ ಇಬ್ಬರು ಊರಿನಲ್ಲಿ ಉಳಿದರು, ಸ್ವಭಾವ ಬೇರೆ ಬೇರೆ. 2006ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 6.10, ವೇಗಕ್ಕಾಗಿ ತನ್ನ ಮೂಲ ಶೆಲ್ ಅನ್ನು ಬ್ಯಾಷ್‌ನಿಂದ ಡ್ಯಾಷ್‌ಗೆ ಬದಲಿಸಿತು. ಎರಡರ ಎಕೋ ಬೇರೆ. ನಿನ್ನೆವರೆಗೆ ನಡೆಯುತ್ತಿದ್ದ ಬಿಲ್ಡ್‌ಗಳು ಬೆಳಗಾಗುವಷ್ಟರಲ್ಲಿ ಕಡತಗಳೊಳಗೆ ವಿಚಿತ್ರ ಅಕ್ಷರಗಳನ್ನು ಬರೆಯತೊಡಗಿದವು. ಯಾರೂ ತಮ್ಮ ಮೇಕ್‌ಫೈಲ್ ಮುಟ್ಟಿರಲಿಲ್ಲ.

ಇಂಥದ್ದನ್ನು ನಾನು ಕೆಲಸದಲ್ಲಿ ನೋಡಿದ್ದೇನೆ. ಒಂದು ಗ್ರಾಹಕ ಕಂಪನಿಯ ಬಿಲ್ಡ್ ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಓಡುತ್ತಿತ್ತು, ಅವರ ಮ್ಯಾಕ್‌ಗಳಲ್ಲಿ ನಿಲ್ಲುತ್ತಿತ್ತು. ಕಾರಣ ಸೆಡ್, ಫೈಲಿನೊಳಗೆ ಪದ ಬದಲಿಸುವ ಹಳೆಯ ಸಲಕರಣೆ. ಫೈಲನ್ನು ಇದ್ದಲ್ಲೇ ತಿದ್ದು ಎನ್ನುವ ಸೂಚನೆಯ ನಂತರ, ಹಳೆ ಪ್ರತಿಗೆ ಯಾವ ಬಾಲ ಹಚ್ಚಬೇಕು ಎಂದು ಮ್ಯಾಕ್‌ನ ಸೆಡ್ ಕಡ್ಡಾಯವಾಗಿ ಕೇಳುತ್ತದೆ, ಲಿನಕ್ಸಿನದು ಕೇಳುವುದಿಲ್ಲ. ಬಾಲ ಕೊಡದಿದ್ದರೆ ಮ್ಯಾಕ್‌ನ ಸೆಡ್, ಬದಲಿಸಬೇಕಾದ ಪದವನ್ನೇ ಬಾಲ ಎಂದುಕೊಂಡು, ಫೈಲಿನ ಹೆಸರನ್ನು ಆಜ್ಞೆ ಎಂದು ಓದುತ್ತದೆ. ಎರಡು ದೇಶಗಳ ನಡುವೆ ಮೂರು ರಾತ್ರಿಯ ಕರೆಗಳು ನಡೆದವು. ಆ ಕಡೆಯವರು ನಮ್ಮ ಸರ್ವರ್ ಮೇಲೆ, ನಾವು ಅವರ ಲ್ಯಾಪ್‌ಟಾಪ್ ಮೇಲೆ. ಪಾಯಸ ಸೀದಿತ್ತು, ಕೊಪ್ಪರಿಗೆ ಯಾರದೆಂದು ಮಾತುಕತೆ.

ಯುನಿಕ್ಸ್ ಹತ್ತಾರು ಕಂಪನಿಗಳ ಕೈಯಲ್ಲಿ ಹತ್ತಾರು ರೂಪ ತಾಳಿದ ಎಂಬತ್ತರ ದಶಕದಲ್ಲಿ ಇದು ದಿನನಿತ್ಯದ ಕಾಟವಾಯಿತು. ಅದಕ್ಕೆ ಬಂದ ಉತ್ತರ 1991ರಲ್ಲಿ ಡೇವಿಡ್ ಮೆಕೆಂಜಿ ಬರೆದ ಆಟೋಕಾನ್ಫ್. ಇದನ್ನು ಭಟ್ಟರಿಗಿಂತ ಮುಂಚೆ ಬರುವ ಸಹಾಯಕ ಎನ್ನಬಹುದು. ಕೊಪ್ಪರಿಗೆ ಇದೆಯೇ, ತಟ್ಟಿದರೆ ಯಾವ ಸದ್ದು, ಜರಡಿಯ ಕಣ್ಣು ಎಷ್ಟು ದೊಡ್ಡದು? ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಓಡಿಸಿದವರಿಗೆ ಆ ಪ್ರಶ್ನೆಗಳ ಮೆರವಣಿಗೆ ಗೊತ್ತು. ಕಟ್ಟುವ ಪರಿಸರ ಸ್ವಸ್ಥವಾಗಿದೆಯೇ ಎಂದೂ ಅದು ಕೇಳಿಕೊಂಡು ತಾನೇ ಹೌದು ಎನ್ನುತ್ತದೆ. ಗಡಿಯಾರ ನೆಟ್ಟಗಿದೆಯೇ ಎಂದು ನೋಡುವ ಪರೀಕ್ಷೆ ಅದು, ತತ್ವಶಾಸ್ತ್ರ ಏನಿಲ್ಲ. ಗ್ನೂ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೇಕ್‌ಫೈಲಿನಲ್ಲಿ ಯಾವ ಹೊರಗಿನ ಸಲಕರಣೆಗಳನ್ನು ಕರೆಯಬಹುದು ಎಂಬ ಪಟ್ಟಿಯನ್ನೇ ಪ್ರಕಟಿಸಿತು: ಆಕ್, ಗ್ರೆಪ್, ಸೆಡ್, ಸಾರ್ಟ್, ಟಿಆರ್ ಹೀಗೆ ಮೂವತ್ತರ ಆಸುಪಾಸು. ಪಟ್ಟಿಯಲ್ಲಿ ಇಲ್ಲದ್ದನ್ನು ಮನೆಯವರಿಂದ ಕೇಳಬೇಡಿ.

ಇಲ್ಲಿ ಒಂದು ಸಣ್ಣ ಏರ್ಪಾಡು ನಡೆಯಿತು, ಅದರ ಬೆಲೆ ಮೂವತ್ಮೂರು ವರ್ಷದ ನಂತರ ತಿಳಿಯಿತು. ಕಾನ್ಫಿಗರ್ ಸ್ಕ್ರಿಪ್ಟನ್ನು ತಯಾರಿಸಲು ಎಂ4 ಎಂಬ ಸಲಕರಣೆ ಬೇಕು. ಅದು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಬರೆದವರೇ ಎಂ4 ಓಡಿಸಿ, ತಯಾರಾದ ಸ್ಕ್ರಿಪ್ಟನ್ನು ಬಿಡುಗಡೆಯ ಪೊಟ್ಟಣದೊಳಗೆ ಇಟ್ಟು ಕೊಡುವ ರೂಢಿ ಬಂತು. ಅಂದರೆ ಜನ ಇಳಿಸಿಕೊಳ್ಳುವ ಪೊಟ್ಟಣದಲ್ಲಿ, ಎಲ್ಲರೂ ನೋಡುವ ಮೂಲ ಕೋಡ್ ಸಂಗ್ರಹದಲ್ಲಿ ಇಲ್ಲದ ಸಾವಿರಾರು ಸಾಲು ಇರುವುದು ಸಹಜ ಎನಿಸಿತು. ಯಾರೂ ಓದದ ಸಾಲುಗಳು. ಉದ್ದೇಶ ಒಳ್ಳೆಯದೇ: ಮನೆಯವರಿಗೆ ಒಂದು ಸಲಕರಣೆಯ ಹೊರೆ ಕಡಿಮೆ ಮಾಡುವುದು.

ಟೆಂಪೊ ತುಂಬಿಕೊಂಡು ಬರುವ ಭಟ್ಟರು ಬಂದದ್ದು ಜಾವಾ ಕಾಲದಲ್ಲಿ. ಸನ್ ಕಂಪನಿಯಲ್ಲಿ ಟಾಮ್‌ಕ್ಯಾಟ್ ಬರೆಯುತ್ತಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್, ಮೇಕ್‌ನ ಟ್ಯಾಬ್ ಕಾಟದಿಂದ ರೋಸಿಹೋಗಿ ಆಂಟ್ ಎಂಬ ಸಿಸ್ಟಂ ಮಾಡಿದರು. 2000ದಲ್ಲಿ ಅದು ಸ್ವತಂತ್ರವಾಗಿ ಹೊರಬಂತು. ನಕಲು ಮಾಡು, ಅಳಿಸು, ಫೋಲ್ಡರ್ ಮಾಡು, ಜಿಪ್ ಮಾಡು ಎಲ್ಲವೂ ಜಾವಾದಲ್ಲಿ ಬರೆದು ಒಳಗೇ ಇಟ್ಟದ್ದು. ವಿಂಡೋಸ್‌ನಲ್ಲಿ ಯುನಿಕ್ಸಿನ ಸಲಕರಣೆಗಳು ಇಲ್ಲವಲ್ಲ, ಜಾವಾಗೆ ಎಲ್ಲ ಕಡೆ ಓಡುತ್ತೇನೆಂಬ ಹಮ್ಮು ಬೇರೆ. ಹೊರಗಿನದನ್ನು ಕರೆಯಲು ಎಕ್ಸೆಕ್ ಎಂಬ ಕಿಟಕಿ ಒಂದಿತ್ತು. ಅದೇ ವರ್ಷ ಕಿಟ್‌ವೇರ್ ಕಂಪನಿಯ ಬಿಲ್ ಹಾಫ್‌ಮನ್ ಮತ್ತವರ ಸಂಗಡಿಗರು, ವೈದ್ಯಕೀಯ ಚಿತ್ರಗಳ ತಂತ್ರಾಂಶವೊಂದಕ್ಕಾಗಿ ಸಿಮೇಕ್ ಶುರು ಮಾಡಿದರು. ಅದರಲ್ಲೂ ನಕಲು, ಅಳಿಸುವಿಕೆಯಂಥ ಚಿಲ್ಲರೆ ಆಜ್ಞೆಗಳ ಚೀಲವೊಂದು ಒಳಗೇ ಇದೆ. ಮೇಕ್ ಕೂಡ ಸುಮ್ಮನಿರಲಿಲ್ಲ. ಗ್ನೂ ಮೇಕ್ 2013ರ 4.0 ಆವೃತ್ತಿಯಲ್ಲಿ ಗೈಲ್ ಎಂಬ ಇಡೀ ಪ್ರೋಗ್ರಾಮಿಂಗ್ ಭಾಷೆಯನ್ನೇ ಒಳಗೆ ಸೇರಿಸಿಕೊಳ್ಳುವ ವ್ಯವಸ್ಥೆ ಮಾಡಿತು. ನಾನು ಕಂಡ ಯಾವ ತಂಡವೂ ಅದನ್ನು ಬಳಸಿದ್ದಿಲ್ಲ.

ನನ್ನ ಮಟ್ಟಿಗೆ ಆಂಟ್‌ನ ಕಾಲ ನೆಮ್ಮದಿಯದು. ಆದರೆ ಒಳಗಿನ ಪಟ್ಟಿ ಎಷ್ಟು ಬೆಳೆದರೂ ಸಾಲದು. ಪ್ರತಿಯೊಬ್ಬರಿಗೂ ಇನ್ನೊಂದು ಹೋಳಿಗೆ ಹೆಂಚು ಬೇಕು. 2004ರಲ್ಲಿ 1.0 ತಲುಪಿದ ಮೇವನ್ ಮೂರನೆಯ ದಾರಿ ಹಿಡಿಯಿತು: ಒಳಗೆ ಹೆಚ್ಚೇನೂ ಇಲ್ಲ, ಮನೆಯವರನ್ನೂ ಕೇಳುವುದಿಲ್ಲ, ಬೇಕಾದದ್ದನ್ನು ಪ್ಲಗಿನ್ ರೂಪದಲ್ಲಿ ಇಂಟರ್ನೆಟ್‌ನಿಂದ ತರಿಸಿಕೊಳ್ಳುವುದು. ಇದಕ್ಕೆ ಕೋಲ್ಕತ್ತಾದಲ್ಲೇ ಒಂದು ಹಳೆಯ ಹೆಸರಿದೆ. ಕುಮಾರ್‌ಟುಲಿಯಲ್ಲಿ ದುರ್ಗೆಯ ಮೂರ್ತಿಗೆ ಹುಲ್ಲು, ಬಿದಿರು, ಗಂಗೆಯ ಮಣ್ಣು ಎಲ್ಲ ಇಲ್ಲಿನವು. ಒಂದು ಬಗೆಯ ಹೊಳೆಯುವ ಅಲಂಕಾರಕ್ಕೆ ಮಾತ್ರ ಡಾಕೇರ್ ಶಾಜ್, ಅಂದರೆ ಅಂಚೆಯ ಸಿಂಗಾರ ಎನ್ನುತ್ತಾರೆ. ಅದರ ಬೆಳ್ಳಿತಗಡು ಒಂದು ಕಾಲಕ್ಕೆ ಜರ್ಮನಿಯಿಂದ ಅಂಚೆಯಲ್ಲಿ ಬರುತ್ತಿತ್ತು ಎಂಬುದು ಇಲ್ಲಿನ ರೂಢಿಯ ಮಾತು. ಮೇವನ್‌ನ ಮೊದಲ ಬಿಲ್ಡ್ ಓಡಿಸಿ, ಪರದೆಯ ಮೇಲೆ ಅಂಚೆ ಸುರಿಯುವುದನ್ನು ನೋಡುತ್ತಾ ಚಹಾ ಕುಡಿದು ಬಂದವರಿಗೆ ಈ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ.

ಒಳಗಿನದು ಒಳ್ಳೆಯದೋ, ಹೊರಗಿನದೋ? ಕನ್ನಡದ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮಲ್ಲಿ ಯಾರಾದರೂ ಇ-ಬುಕ್‌ಗೆ ಪದಸೂಚಿ ಕಟ್ಟಿದ್ದರೆ ಇದನ್ನು ಅನುಭವಿಸಿರುತ್ತೀರಿ. ಹಲಗೆ, ಹವಳ, ಹಸಿರು, ಹಳದಿ ಎಂಬ ನಾಲ್ಕು ಪದಗಳನ್ನು ಮೇಕ್‌ನ ಒಳಗಿನ ಸಾರ್ಟ್‌ಗೆ ಕೊಡಿ. ಹಲಗೆ, ಹಳದಿ, ಹವಳ, ಹಸಿರು ಎಂದು ಜೋಡಿಸುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಳಕಾರದ ಸಂಖ್ಯೆ ಲಕಾರದ ಪಕ್ಕದಲ್ಲೇ ಇದೆ, ವಕಾರಕ್ಕಿಂತ ಮುಂಚೆ. ಮೇಕ್‌ಗೆ ಗೊತ್ತಿರುವುದು ಆ ಸಂಖ್ಯೆ ಮಾತ್ರ. ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ ಳಕಾರ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹೊರಗಿನ ಸಾರ್ಟ್ ಪ್ರೋಗ್ರಾಂ ಹಾಗಲ್ಲ. ಆ ಕಂಪ್ಯೂಟರಿನಲ್ಲಿ ಯಾವ ಭಾಷೆಯ ಹೊಂದಾಣಿಕೆ ಇದೆಯೋ ಅದನ್ನು ಕೇಳಿ ಜೋಡಿಸುತ್ತದೆ. ಅದಕ್ಕೆ ಕನ್ನಡ ಕಲಿಸಬಹುದು. ಆದರೆ ಒಂದು ಯಂತ್ರದಲ್ಲಿ ಕಲಿಸಿದ್ದು ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಒಳಗಿನದು ಎಲ್ಲ ಕಡೆ ಒಂದೇ ಥರ ತಪ್ಪು. ಹೊರಗಿನದು ನಿಮ್ಮಲ್ಲಿ ಸರಿ, ಪಕ್ಕದವರಲ್ಲಿ ಏನೋ. ಇಂಗ್ಲಿಷ್ ಫೈಲುಗಳಷ್ಟೇ ಇದ್ದವರಿಗೆ ಈ ಆಯ್ಕೆ ಬರಿಯ ಅನುಕೂಲದ್ದು. ನಮಗೆ ಹಾಗಲ್ಲ, ಅಕ್ಷರಗಳನ್ನು ಬದಲಿಸುವ ಗ್ನೂ ಟಿಆರ್, ಮೂರು ಬೈಟುಗಳ ಒಂದು ಕನ್ನಡ ಅಕ್ಷರವನ್ನು ಮೂರು ತುಂಡು ಎಂದೇ ಕಾಣುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್‌ನ ಇವಾನ್ ಮಾರ್ಟಿನ್ ಕ್ರೋಮ್‌ಗಾಗಿ ನಿಂಜಾ ಬರೆದರು. ಒಳಗಿನ ಸೌಲಭ್ಯಗಳನ್ನು ಬೇಕೆಂದೇ ಕಿತ್ತುಹಾಕಿದ ಸಿಸ್ಟಂ ಅದು. ಸುಮಾರು 30,000 ಫೈಲುಗಳ ಕ್ರೋಮ್‌ನಲ್ಲಿ ಒಂದನ್ನು ತಿದ್ದಿದಾಗ, ಕೆಲಸ ಶುರುವಾಗಲು ಬೇರೆಯವು ಹತ್ತು ಸೆಕೆಂಡ್ ತೆಗೆದುಕೊಂಡರೆ ಇದಕ್ಕೆ ಒಂದಕ್ಕಿಂತ ಕಡಿಮೆ ಸಾಕಾಗಿತ್ತು. 2015ರಲ್ಲಿ ಗೂಗಲ್ ಹೊರಬಿಟ್ಟ ಬೇಜಲ್ ತದ್ವಿರುದ್ಧ ಸ್ವಭಾವದ್ದು: ಹೊರಗಿನ ಸಲಕರಣೆ ಕರೆಯಿರಿ, ಆದರೆ ಯಾವುದು, ಯಾವ ಆವೃತ್ತಿ ಎಂದು ಮೊದಲೇ ಬರೆಸಿ, ಕೋಣೆಯ ಬಾಗಿಲು ಹಾಕಿ ಕೆಲಸ ಮಾಡಿಸುತ್ತೇನೆ, ಬರೆಸದ ಫೈಲು ಕಣ್ಣಿಗೆ ಬೀಳುವುದಿಲ್ಲ. ಡೆಬಿಯನ್ ಬಳಗದವರು 2013ರಿಂದ, ಒಂದೇ ಮೂಲದಿಂದ ಯಾರು ಕಟ್ಟಿದರೂ ಬೈಟ್‌ಗೆ ಬೈಟ್ ಒಂದೇ ಫಲ ಬರಬೇಕೆಂದು ಪಟ್ಟು ಹಿಡಿದು ಕೂತಿದ್ದಾರೆ. ಕೆನ್ ಥಾಂಪ್ಸನ್ 1984ರಲ್ಲೇ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕಂಪೈಲರಿನೊಳಗೇ ಕಳ್ಳಬಾಗಿಲು ಅಡಗಿಸಿ, ಮೂಲ ಕೋಡ್‌ನಲ್ಲಿ ಗುರುತೂ ಸಿಗದಂತೆ ಮಾಡಬಹುದೆಂದು ತೋರಿಸಿದ್ದರು. ನಾವು ಎಂಟೆಕ್ ಓದುವಾಗ ಅದನ್ನು ಚಮತ್ಕಾರದ ಲೆಕ್ಕ ಎಂಬಂತೆ ಓದಿದ್ದೆವು.

ಈಗ 2024ಕ್ಕೆ ಬರೋಣ. ಎಕ್ಸ್‌ಜೆಡ್ ಎಂಬುದು ಫೈಲುಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಲಾಸ್ಸೆ ಕಾಲಿನ್ ಎಂಬೊಬ್ಬರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಂಟಿಯಾಗಿ ನೋಡಿಕೊಂಡಿದ್ದರು. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗಿ, ವಿಶ್ವಾಸ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದರು. 5.6.0 ಮತ್ತು 5.6.1 ಆವೃತ್ತಿಗಳ ಪೊಟ್ಟಣದಲ್ಲಿ ಒಂದು ಎಂ4 ಫೈಲು ಬದಲಾಗಿತ್ತು. ಮೂಲ ಕೋಡ್ ಸಂಗ್ರಹದಲ್ಲಿ ಆ ಬದಲಾವಣೆ ಇರಲಿಲ್ಲ. ಪೊಟ್ಟಣದಲ್ಲಿ ಹೆಚ್ಚಿನ ಸಾಲುಗಳಿರುವುದು 1991ರಿಂದ ರೂಢಿಯಲ್ಲವೇ, ಯಾರಿಗೂ ಅನುಮಾನ ಬರಲಿಲ್ಲ.

ಆ ಎಂ4 ಸಾಲುಗಳು ಮಾಡಿದ್ದು ಇಷ್ಟು. ಪರೀಕ್ಷೆಗೆಂದು ಇಟ್ಟಿದ್ದ, ಕೆಟ್ಟದ್ದು ಎಂದು ಹೆಸರಲ್ಲೇ ಬರೆದಿದ್ದ ಒಂದು ಫೈಲನ್ನು ಸೆಡ್ ಮೂಲಕ ಓದಿಸಿ ಟಿಆರ್‌ಗೆ ಕೊಟ್ಟವು. ಟಿಆರ್ ಟ್ಯಾಬ್ ಇದ್ದಲ್ಲಿ ಸ್ಪೇಸ್, ಸ್ಪೇಸ್ ಇದ್ದಲ್ಲಿ ಟ್ಯಾಬ್, ಅಡ್ಡಗೆರೆ ಇದ್ದಲ್ಲಿ ಅಡಿಗೆರೆ ಹೀಗೆ ಅದಲುಬದಲು ಮಾಡಿತು. ಕೆಟ್ಟ ಫೈಲು ಸರಿಯಾಯಿತು. ಅದನ್ನು ಎಕ್ಸ್‌ಜೆಡ್ ಬಿಡಿಸಿತು, ಒಳಗಿಂದ ಇನ್ನೊಂದು ಸ್ಕ್ರಿಪ್ಟ್ ಬಂತು. ಅದು ಹೆಡ್, ಆಕ್ ಮೊದಲಾದವನ್ನು ಕರೆದು ಇನ್ನೊಂದು ಫೈಲಿನಿಂದ ಕಳ್ಳಬಾಗಿಲನ್ನು ಹೊರತೆಗೆದು, ಕಟ್ಟುತ್ತಿದ್ದ ತಂತ್ರಾಂಶದೊಳಗೆ ಜೋಡಿಸಿತು. ಅದೂ ಡೆಬಿಯನ್ ಅಥವಾ ಆರ್‌ಪಿಎಂ ಪೊಟ್ಟಣ ಕಟ್ಟುತ್ತಿದ್ದರೆ ಮಾತ್ರ. ಇಡೀ ಕೆಲಸಕ್ಕೆ ಬಂದ ಸಲಕರಣೆಗಳೆಲ್ಲ ದಿನಬಳಕೆಯವು, ಹೆಚ್ಚಿನವು ಗ್ನೂ ಪಟ್ಟಿಯಲ್ಲೇ ಇದ್ದ ಸಭ್ಯರು. ಬಿಲ್ಡ್‌ನಲ್ಲಿ ಟಿಆರ್ ಓಡುವುದನ್ನು ನೋಡಿ ಯಾರು ತಾನೇ ಹುಬ್ಬೇರಿಸುತ್ತಾರೆ?

ಹಾಗಾದರೆ ಒಳಗಿನದೇ ಕ್ಷೇಮ ಎನ್ನುವಂತೆಯೂ ಇಲ್ಲ. ಅದೇ ಕೈ ಸಿಮೇಕ್ ಫೈಲನ್ನೂ ಮುಟ್ಟಿತ್ತು. ಲಿನಕ್ಸ್‌ನ ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಈ ಯಂತ್ರದಲ್ಲಿ ಇದೆಯೇ ಎಂದು ಸಿಮೇಕ್ ತನ್ನ ಒಳಗಿನ ಸೌಲಭ್ಯದಿಂದಲೇ ಪರೀಕ್ಷಿಸುತ್ತದೆ: ಸಣ್ಣದೊಂದು ಪ್ರೋಗ್ರಾಂ ಕಂಪೈಲ್ ಮಾಡಿ ನೋಡುವುದು, ಆಗದಿದ್ದರೆ ಇಲ್ಲ ಎಂದು ಮುಂದೆ ಹೋಗುವುದು. ಆ ಸಣ್ಣ ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಮೊದಲಿಗೆ ಒಂದು ಚುಕ್ಕಿ ಇಟ್ಟಿದ್ದರು. ಬರೀ ಚುಕ್ಕಿ. ಕಂಪೈಲ್ ಎಲ್ಲಿಯೂ ಆಗಲಿಲ್ಲ, ರಕ್ಷಣೆ ಇಲ್ಲವೆಂದು ಸಿಮೇಕ್ ಎಲ್ಲ ಕಡೆ ಒಂದೇ ಥರ ತೀರ್ಮಾನಿಸಿತು. ಸದ್ದಿಲ್ಲದೆ.

ಸಿಕ್ಕಿದ್ದು ಆಂಡ್ರೆಸ್ ಫ್ರಾಯ್ಂಡ್ ಅವರಿಂದ. ಮೈಕ್ರೋಸಾಫ್ಟ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವವರು. ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆ ಎಂದು ಅಗೆಯುತ್ತಾ ಹೋಗಿ, 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಅಷ್ಟರಲ್ಲಿ ಈ ಆವೃತ್ತಿಗಳು ಹಲವು ಲಿನಕ್ಸ್‌ಗಳ ಪರೀಕ್ಷಾ ರೂಪಗಳನ್ನು ಸೇರಿದ್ದವು. ಸ್ಥಿರ ರೂಪಗಳಿಗೆ ಇಳಿಯುವುದು ಬಾಕಿಯಿತ್ತು. ಇಳಿದಿದ್ದರೆ ಕೀಲಿ ಯಾರ ಕೈಯಲ್ಲಿತ್ತೋ ಅವರು ಬ್ಯಾಂಕು, ಆಸ್ಪತ್ರೆ ಎನ್ನದೆ ಒಳಹೊಕ್ಕಬಹುದಿತ್ತು. ಕಾಲಿನ್ ಮೇ ತಿಂಗಳ ಕೊನೆಯಲ್ಲಿ ಕಳ್ಳಬಾಗಿಲು ತೆಗೆದ 5.6.2 ಹೊರಬಿಟ್ಟರು. ಜಿಯಾ ಟ್ಯಾನ್ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಒಳಗೋ ಹೊರಗೋ ಎಂಬ ವಾದದಲ್ಲಿ ನಾವು ಇಷ್ಟು ದಿನ ಕೇಳಿಕೊಂಡದ್ದು ವೇಗ, ಅನುಕೂಲ, ವಿಂಡೋಸ್‌ನಲ್ಲಿ ಓಡುತ್ತದೆಯೇ ಎಂಬುದನ್ನು. ನನಗೆ ಈಗ ಅನ್ನಿಸುವುದು, ಕೇಳಬೇಕಾದದ್ದು ಆ ಸಲಕರಣೆಗೆ ಜವಾಬ್ದಾರರು ಯಾರು, ಅದರ ಸಾಲುಗಳನ್ನು ಕೊನೆಯ ಸಲ ಓದಿದವರು ಯಾರು ಎಂದು. ಬೆಲ್ ಲ್ಯಾಬ್ಸ್‌ನಲ್ಲಿ ಉತ್ತರ ಪಕ್ಕದ ಕೋಣೆಯಲ್ಲಿತ್ತು. ಬರಾನಗರದ ಡ್ರಮ್ ಯಂತ್ರದ ಮುಂದೆ ಉತ್ತರ ಕಾರ್ಡು ತುಂಬುವವನ ತಲೆಯಲ್ಲಿತ್ತು.

ಆ ಏಪ್ರಿಲ್‌ನಲ್ಲಿ ನಮ್ಮ ತಂಡದ ಬಿಲ್ಡ್ ಏನೇನನ್ನು ಕರೆಯುತ್ತದೆ ಎಂದು ಪಟ್ಟಿ ಮಾಡಿಸಿದೆ. ಎರಡು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡದ್ದು ಎರಡು ವಾರ ಹಿಡಿಯಿತು. ಒಂದೊಂದು ಹೆಸರಿನ ಮುಂದೆ ಮೂರು ಅಂಕಣ: ಯಾಕೆ ಬೇಕು, ಯಾವ ಆವೃತ್ತಿ, ಯಾರು ನೋಡಿಕೊಳ್ಳುತ್ತಾರೆ. ನಲವತ್ತರ ಹತ್ತಿರ ಹೆಸರುಗಳಾದವು. ಅರ್ಧಕ್ಕರ್ಧ ಸಿಮೇಕ್‌ನ ಒಳಗಿನ ಆಜ್ಞೆಗಳಿಗೆ ಬದಲಾದವು. ಉಳಿದವುಗಳ ಆವೃತ್ತಿಯನ್ನು ಬರೆದು ಕಟ್ಟಿಹಾಕಿದೆವು. ಬಿಸಿ ಎಂಬ ಹಳೆಯ ಲೆಕ್ಕದ ಸಲಕರಣೆಯೊಂದು ಮಾತ್ರ ಯಾಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ತೆಗೆದು ನೋಡಿದೆವು; ಬಿಲ್ಡ್ ಸಲೀಸಾಗಿ ಮುಗಿದು, ಆವೃತ್ತಿ ಸಂಖ್ಯೆಯ ಜಾಗದಲ್ಲಿ ಖಾಲಿ ಬಂತು. ಮತ್ತೆ ಸೇರಿಸಿದೆವು. ಆ ಸಾಲು ಬರೆದ ದಾದಾ ನಿವೃತ್ತರಾಗಿ ಬರ್ಧಮಾನ್‌ನ ತಮ್ಮ ಊರಿಗೆ ಹೋಗಿದ್ದಾರೆ. ಪಟ್ಟಿಯಲ್ಲಿ ಅದರ ಮುಂದಿನ ಮೂರನೆಯ ಅಂಕಣದಲ್ಲಿ ಸದ್ಯಕ್ಕೆ ನನ್ನ ಹೆಸರಿದೆ.